ಓನರನ್ನು ಕೇಳಿ ಕೊಂಡ ಬೇಸ್ ಗಿಟಾರು

ಬೆಂಗಳೂರಿನಲ್ಲಿ ಓನರ್ ಎಂದರೆ ಒಂದೇ ಅರ್ಥ. ಕಾರಿಗೂ ಓನರ್ ಇರಬಹುದು, ನಾಯಿಗೂ ಇರಬಹುದು. ಆದರೆ ‘ಓನರ್ ಬಂದ್ರು’ ಎಂದು ಯಾರಾದರೂ ಪಿಸುಗುಟ್ಟಿದೊಡನೆ ನಲ್ಲಿ ನಿಲ್ಲುವುದು, ಟಿವಿಯ ಸದ್ದು ಇಳಿಯುವುದು, ಮಕ್ಕಳು ಮೆಲ್ಲಗೆ ಕಾಲಿಡುವುದು ಮನೆಯ ಓನರ್ ಒಬ್ಬನಿಗೇ. ನಾನು ಅಂಥ ಓನರ್. ಹೆಸರು ಪಿಳ್ಳಪ್ಪ, ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಹಲಸೂರು ಕೆರೆಯಿಂದ ಎರಡು ಬೀದಿ ಈಚೆ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಖಾತೆ ಇರುವುದು ನನ್ನ ಹೆಂಡತಿ ಯಶೋದಮ್ಮನ ಹೆಸರಿನಲ್ಲಿ. ಆದರೆ ಅದು ಕಾಗದದ ವಿಷಯ. ಓನರ್ ಎನ್ನಿಸಿಕೊಳ್ಳುವುದಕ್ಕೆ ಒಂದು ಗತ್ತು ಬೇಕು, ಅದು ಯಶೋದಮ್ಮನಿಗಿಲ್ಲ.

ಮೇಲಿನ ಮನೆಯಲ್ಲಿ ಹದಿನಾರು ವರ್ಷದಿಂದ ಮುರಳಿ ಮತ್ತು ಅವನ ಹೆಂಡತಿ ಬೃಂದಾ ಇದ್ದರು. ಮುರಳಿ ಹಗಲು ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದ. ರಜೆ ಮತ್ತು ಹಬ್ಬದ ದಿನಗಳಲ್ಲಿ ಜಾಫರ್ ಭಾಯ್ ಎಂಬವರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಬೇಸ್ ಗಿಟಾರ್ ಎಂದರೆ ನಾಲ್ಕೇ ದಪ್ಪ ತಂತಿ ಇರುವುದು, ಹಾಡಿನ ಅಡಿಯಲ್ಲಿ ಗುಮ್ಮ್ ಎನ್ನುತ್ತಾ ನಡೆಯುವುದು. ಗಣೇಶನ ಪೆಂಡಾಲು, ಅಣ್ಣಮ್ಮನ ಉತ್ಸವ, ನವೆಂಬರಿನಲ್ಲಿ ಶುರುವಾಗಿ ಜನವರಿಯಾದರೂ ಮುಗಿಯದ ರಾಜ್ಯೋತ್ಸವ, ಎಲ್ಲ ಕಡೆಯೂ ಅವನು ವೇದಿಕೆಯ ಹಿಂದಿನ ಸಾಲಿನಲ್ಲಿ ಡ್ರಮ್ಸ್ ಪಕ್ಕ ನಿಂತಿರುತ್ತಿದ್ದ. ಕನ್ನಡಕದ ಅಂಗಡಿ ಅವನ ಹೊಟ್ಟೆಗೆ, ಆ ಹಿಂದಿನ ಸಾಲು ಅವನ ಜೀವಕ್ಕೆ. ಇದನ್ನು ಬೃಂದಾ ನನ್ನ ಹೆಂಡತಿಗೆ ಹೇಳಿದ್ದಳು, ನನ್ನ ಹೆಂಡತಿ ನನಗೆ ಹೇಳಿದ್ದಳು, ನಾನು ತಲೆಯಾಡಿಸಿ ಮರೆತಿದ್ದೆ.

ಹೋದ ಸಲ ಗಣೇಶನ ಕಾರ್ಯಕ್ರಮಗಳೆಲ್ಲ ಮುಗಿದ ಮೇಲೆ ಜಾಫರ್ ಭಾಯ್ ಅವನನ್ನು ಕೂರಿಸಿಕೊಂಡು, ನೀನು ನುಡಿಸುವುದು ನಿನಗೆ ಬಿಟ್ಟರೆ ಯಾರಿಗೂ ಕೇಳಿಸುವುದಿಲ್ಲ ಎಂದರಂತೆ. ಕೀಬೋರ್ಡ್ ನುಡಿಸುವಾತ ಹೊಸ ಕೀಬೋರ್ಡ್ ತಂದಿದ್ದಾನೆ, ಅದರಲ್ಲಿ ಎಡಗೈಯಲ್ಲೇ ಬೇಸ್ ಬರುತ್ತದೆ. ನವೆಂಬರ್ ಒಂದರ ರಾಜ್ಯೋತ್ಸವದೊಳಗೆ ಒಳ್ಳೆಯದೊಂದು ಗಿಟಾರ್ ತಂದು, ಕೇಳಿಸುವ ಹಾಗೆ ನುಡಿಸಿದರೆ ಸರಿ. ಇಲ್ಲದಿದ್ದರೆ ಮುರಳಿಯ ಜಾಗ ಆ ಎಡಗೈಗೆ. ಇಪ್ಪತ್ತು ವರ್ಷ ಜೊತೆಗಿದ್ದವನಿಗೆ ಇದನ್ನು ಹೇಳುವಾಗ ಜಾಫರ್ ಭಾಯ್ ಕಣ್ಣಲ್ಲೂ ನೀರಿತ್ತಂತೆ. ನೀರಿದ್ದರೇನು, ಮಾತು ಮಾತೇ.

ಮುರಳಿಯ ಹಳೆಯ ಗಿಟಾರಿನ ಕತ್ತು ಬಾಗಿತ್ತು. ಅದನ್ನು ಹೊತ್ತುಕೊಂಡು ಅವನು ಶಿವಾಜಿನಗರದ ಮುಬೀನ್ ಹತ್ತಿರ ಹೋದ. ಮುಬೀನ್ ವಾದ್ಯಗಳ ರಿಪೇರಿಯಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಇದಕ್ಕಿನ್ನು ಮದ್ದಿಲ್ಲ, ಆದರೆ ಹೊಸದಕ್ಕೂ ಹೋಗಬೇಡ, ಯಾರಾದರೂ ನುಡಿಸಿ ಪಳಗಿಸಿದ್ದನ್ನು ತೆಗೆದುಕೋ ಎಂದ. ಇಂಟರ್ನೆಟ್ಟಿನಲ್ಲಿ ಐದು ನಕ್ಷತ್ರ ಕೊಡುವವರೆಲ್ಲ ಡಬ್ಬ ಬಿಚ್ಚಿದ ದಿನವೇ ಕೊಟ್ಟುಬಿಡುತ್ತಾರೆ, ಅದರ ಜೊತೆ ನಾಲ್ಕು ವರ್ಷ ಬಾಳಿದವರ ಮಾತು ಬೇರೆ ಎಂದ. ಕೊನೆಗೆ ಹೇಳಿದ್ದು ಇದು: ‘ಓನರ್ ಏನಂತಾರೆ ಕೇಳ್ಕೊಂಡು ತಗೋ.’

ಆವತ್ತು ಸಂಜೆ ಮುರಳಿ ಕೆಳಗಿಳಿದು ಬಂದ. ಚಪ್ಪಲಿ ಬಾಗಿಲಾಚೆ ಬಿಟ್ಟು, ಹೊಸ್ತಿಲ ಹೊರಗೇ ನಿಂತು, ಕೈ ಕಟ್ಟಿಕೊಂಡು ಕೇಳಿದ.

‘ಓನರ್, ಒಂದು ಬೇಸ್ ಗಿಟಾರ್ ತಗೋಬೇಕು. ನೀವೇನಂತೀರಾ?’

ಮುಬೀನ್ ಹೇಳಿದ್ದು ಗಿಟಾರಿನ ಓನರ್. ಅದು ನನಗೆ ಆಮೇಲೆ ತಿಳಿಯಿತು. ಆದರೆ ಹದಿನಾರು ವರ್ಷ ಬಾಡಿಗೆ ಮನೆಯಲ್ಲಿದ್ದವನ ಕಿವಿಗೆ ಆ ಶಬ್ದ ಬಿದ್ದರೆ ಬೇರೆ ಯಾರ ಮುಖ ಕಣ್ಣಿಗೆ ಬಂದೀತು? ನನ್ನದೇ ಬಂದಿತ್ತು. ನಾನಂತೂ ಉಬ್ಬಿಹೋದೆ. ಅರವತ್ತಾರು ವರ್ಷದಲ್ಲಿ ನನ್ನನ್ನು ಕೇಳಿ ಯಾರೂ ಏನನ್ನೂ ಕೊಂಡಿರಲಿಲ್ಲ. ಮನೆಗೆ ಫ್ರಿಜ್ ಬಂದದ್ದು ಯಶೋದಮ್ಮನ ಇಷ್ಟದಂತೆ. ನಾನು ತೊಟ್ಟಿದ್ದ ಅಂಗಿ ಕೂಡ ಅವಳೇ ಆರಿಸಿದ್ದು. ಈಗ ಒಬ್ಬ ಕಲಾವಿದ ಬಂದು, ವಾದ್ಯ ಆರಿಸಿಕೊಡಿ ಎನ್ನುತ್ತಿದ್ದಾನೆ. ಒಳಗೆ ಬಾ, ಕೂತ್ಕೋ ಎಂದೆ. ಅವನು ಒಳಗೆ ಬಂದ, ಕೂರಲಿಲ್ಲ.

ನನಗೆ ಸಂಗೀತ ಗೊತ್ತಿಲ್ಲ. ಆದರೆ ಸ್ಟೋರ್ಸಿನಲ್ಲಿದ್ದವನಿಗೆ ಯಾವ ವಸ್ತುವನ್ನಾದರೂ ಪರೀಕ್ಷಿಸುವ ಕ್ರಮ ಗೊತ್ತಿರುತ್ತದೆ. ಒಂದು ನೋಟ್‌ಬುಕ್ ತೆಗೆದೆ. ಗಿಟಾರ್ ಬಗ್ಗೆ ಅದನ್ನು ನುಡಿಸುವವನನ್ನು ಕೇಳಿ ಏನು ಪ್ರಯೋಜನ? ಅವನಿಗೆ ಅದರ ಮೇಲೆ ಮೋಹ. ನಿಜ ಗೊತ್ತಿರುವುದು ಅದರ ಕೆಳಗೆ ವರ್ಷಗಟ್ಟಲೆ ಬಾಳಿದ ಮನೆ ಓನರ್‌ಗೆ. ಮಾರಾಟಕ್ಕಿರುವ ಗಿಟಾರುಗಳ ಪಟ್ಟಿ ಮಾಡು, ಪ್ರತಿಯೊಂದು ಕಡೆಗೂ ನಾನೇ ಬಂದು ಅಲ್ಲಿನ ಓನರನ್ನು ವಿಚಾರಿಸುತ್ತೇನೆ ಎಂದೆ. ಮುರಳಿ ಹೂಂ ಎಂದ. ಹದಿನಾರು ವರ್ಷದಲ್ಲಿ ಅವನು ನನಗೆ ಹೂಂ ಬಿಟ್ಟು ಬೇರೇನನ್ನೂ ಹೇಳಿರಲಿಲ್ಲ, ಹಾಗಾಗಿ ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

ಮೊದಲ ಭಾನುವಾರ ಇಂದಿರಾನಗರ. ಮೆಟ್ರೋದಲ್ಲಿ ಒಂದೇ ಸ್ಟೇಷನ್. ಮಾರುವವನ ಹೆಸರು ಸುನಿಲ್, ಕಂಪನಿಯಲ್ಲಿ ದೊಡ್ಡ ಕೆಲಸ. ಅವನ ಗೋಡೆಯ ಮೇಲೆ ನಾಲ್ಕು ಬೇಸ್ ಗಿಟಾರುಗಳು ದೇವರ ಪಟಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ಕೋಣೆಯಲ್ಲಿ ತೇವ ಎಷ್ಟಿದೆ ಎಂದು ತೋರಿಸಲು ಒಂದು ಮೀಟರ್ ಬೇರೆ. ಒಂದನ್ನು ಇಳಿಸಿ ಅದರ ಮರದ ಬಗ್ಗೆ ಅರ್ಧ ಗಂಟೆ ಮಾತಾಡಿದ: ಯಾವ ದೇಶದ ಮರ, ಎಷ್ಟು ವರ್ಷ ಒಣಗಿಸಿದ್ದು, ಕೊಯ್ದದ್ದು ಉದ್ದಕ್ಕೋ ಅಡ್ಡಕ್ಕೋ. ನಾನು ಓನರ್ ಯಾರು ಎಂದೆ. ನಾನೇ ಎಂದ. ಖಾತೆ ನಿಮ್ಮ ಹೆಸರಿನಲ್ಲಿದೆಯಾ ಎಂದೆ. ಗಿಟಾರಿಗೆ ಖಾತೆ ಇರೋದಿಲ್ಲ ಅಂಕಲ್ ಎಂದ. ಸ್ವಲ್ಪ ಬಿಡಿಸಿ ಕೇಳಿದ ಮೇಲೆ, ಮನೆ ಬಾಡಿಗೆಯದ್ದು, ಓನರ್ ಕೆಳಗಿದ್ದಾರೆ ಎಂದು ಬಾಯಿಬಿಟ್ಟ. ಅವನನ್ನೂ ಮುರಳಿಯನ್ನೂ ಆ ಮರದ ಜೊತೆ ಬಿಟ್ಟು ನಾನು ಕೆಳಗಿಳಿದೆ.

ಕೆಳಗಿದ್ದವರು ನಿವೃತ್ತ ಕರ್ನಲ್. ಒಬ್ಬ ಓನರ್ ಇನ್ನೊಬ್ಬ ಓನರನ್ನು ಕಂಡಾಗ ಆಗುವ ಸಂತೋಷ ಬಾಡಿಗೆಯವರಿಗೆ ಅರ್ಥವಾಗುವಂಥದ್ದಲ್ಲ. ನೀರಿನ ಟ್ಯಾಂಕರ್, ಗೋಡೆಯ ತೇವ, ಮನೆ ಖಾಲಿ ಮಾಡುವಾಗ ಬಲ್ಬು ಬಿಚ್ಚಿಕೊಂಡು ಹೋಗುವವರು, ಎಲ್ಲವನ್ನೂ ಮಾತಾಡಿದೆವು. ಕೊನೆಗೆ ನಾನು ಮೇಲಿನ ಗಿಟಾರ್ ಬಗ್ಗೆ ಅವರ ಅನುಭವ ಕೇಳಿದೆ. ಅವರು ಹುಬ್ಬೇರಿಸಿದರು. ಐದು ವರ್ಷವಾಯಿತು, ಮೇಲೆ ಗಿಟಾರ್ ಇರುವುದೇ ತಮಗೆ ಗೊತ್ತಿಲ್ಲ, ಒಂದೇ ಒಂದು ಕಂಪ್ಲೇಂಟ್ ಇಲ್ಲ ಎಂದರು. ನಾನು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಬರೆದೆ.

ರಸ್ತೆಗೆ ಬಂದ ಮೇಲೆ ಮುರಳಿಯ ಮುಖ ಸಣ್ಣಗಾಗಿತ್ತು. ಗಿಟಾರಿನ ಕತ್ತಿನ ಮೇಲೆ ಬೆರಳು ಒತ್ತುವಲ್ಲಿ ಲೋಹದ ಪಟ್ಟಿಗಳಿರುತ್ತವೆ, ನುಡಿಸಿದ ಗಿಟಾರಿನಲ್ಲಿ ಅವು ಸವೆದಿರುತ್ತವೆ. ಇದರಲ್ಲಿ ಒಂದು ಗೀರೂ ಇರಲಿಲ್ಲವಂತೆ. ಹಾಗಾದರೆ ಒಳ್ಳೆಯದೇ ಆಯಿತಲ್ಲ, ಹೊಸದರ ಹಾಗಿದೆ ಎಂದೆ. ಅವನು ಹೂಂ ಎಂದ.

ಎರಡನೆಯ ಭಾನುವಾರ ಮಹದೇವಪುರ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿತು. ನರೇಶ್ ಎಂಬವನ ಅಪಾರ್ಟ್‌ಮೆಂಟು, ಒಂಬತ್ತನೇ ಮಹಡಿ. ಇಲ್ಲಿ ಫ್ಲ್ಯಾಟಿಗೂ ಗಿಟಾರಿಗೂ ಅವನೇ ಓನರ್, ಹಾಗಾಗಿ ನನಗೆ ಸ್ವಲ್ಪ ಗಲಿಬಿಲಿಯಾಯಿತು. ತನ್ನ ಗಿಟಾರ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಒಂಬೈನೂರು ಪದಗಳ ವಿಮರ್ಶೆ ಬರೆದಿದ್ದ, ಅದನ್ನು ನಮ್ಮೆದುರು ನಿಂತು ಓದಿದ. ಹೋದ ಮಳೆಗಾಲ ನೆಲಮಾಳಿಗೆಗೆ ನೀರು ನುಗ್ಗಿದಾಗ ಸೊಂಟದ ತನಕ ನೀರಿನಲ್ಲಿ ಇಳಿದು ಮೊದಲು ಕಾರಿನಲ್ಲಿದ್ದ ಗಿಟಾರ್ ಹೊತ್ತುಕೊಂಡು ಬಂದನಂತೆ. ಕಾರು ಹೋಯಿತು, ಗಿಟಾರಿಗೆ ಏನೂ ಆಗಲಿಲ್ಲ. ಈ ಅನುಭವಕ್ಕೆ ಏಳುನೂರು ಜನ ಮೆಚ್ಚುಗೆ ಒತ್ತಿದ್ದಾರೆ ಎಂದು ತೋರಿಸಿದ. ನುಡಿಸಿ ತೋರಿಸಿ ಎಂದು ಮುರಳಿ ಕೇಳಿದಾಗ ಕಿವಿಗೆ ಹಾಕುವ ಹೆಡ್‌ಫೋನ್ ತಂದ. ಅಸೋಸಿಯೇಷನ್ ನಿಯಮ, ಇಲ್ಲಿ ಸದ್ದು ಮಾಡುವಂತಿಲ್ಲ. ನಾನು ಎಂಟನೇ ಮಹಡಿಗೆ ಇಳಿದು, ಕೆಳಗಿನ ಫ್ಲ್ಯಾಟಿನ ಬಾಗಿಲು ತಟ್ಟಿ ವಿಚಾರಿಸಿದೆ. ಮೇಲೆ ಜನ ಇದ್ದಾರಾ ಎಂದು ಅವರು ನನ್ನನ್ನೇ ಕೇಳಿದರು. ಇದಕ್ಕೂ ಹತ್ತಕ್ಕೆ ಹತ್ತು ಬಿತ್ತು.

ಆವತ್ತು ಊಟ ಬಡಿಸುತ್ತಾ ಯಶೋದಮ್ಮ ನನ್ನ ನೋಟ್‌ಬುಕ್ ಓದಿ ನಗತೊಡಗಿದಳು. ರಿಪೇರಿಯವರು ಹೇಳಿದ್ದು ಗಿಟಾರ್ ಓನರ್ ರೀ, ಮನೆ ಓನರ್ ಅಲ್ಲ ಎಂದಳು. ಬೃಂದಾ ಅವಳ ಹತ್ತಿರ ಎಲ್ಲ ಹೇಳಿದ್ದಳಂತೆ. ಮುರಳಿಗೆ ತನ್ನ ತಪ್ಪು ಇಂದಿರಾನಗರದಲ್ಲೇ ಗೊತ್ತಾಗಿತ್ತು. ಓನರ್‌ಗೆ ಹೇಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ಸುತ್ತುತ್ತಿದ್ದ. ನನಗೆ ಮುಖಭಂಗವಾಯಿತು. ಆದರೆ ಎರಡು ಭಾನುವಾರ ಸವೆಸಿದವನು ಅಷ್ಟು ಸುಲಭಕ್ಕೆ ಸೋಲೊಪ್ಪುವುದಿಲ್ಲ. ನನ್ನ ವಿಧಾನವೇ ಸರಿ, ಮೂರನೆಯದನ್ನೂ ನೋಡಿಯೇ ತೀರುತ್ತೇನೆ ಎಂದೆ.

ಮೂರನೆಯದು ಫ್ರೇಜರ್ ಟೌನಿನ ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿ. ಮಾರುವವನು ರಯಾನ್ ಎಂಬ ಯುವಕ, ಗೋವಾದ ಹೋಟೆಲೊಂದರಲ್ಲಿ ನುಡಿಸುವ ಕೆಲಸ ಸಿಕ್ಕಿ, ಹೊಸ ಗಿಟಾರ್ ಕೊಂಡು ಆಗಲೇ ಹೊರಟುಹೋಗಿದ್ದ. ಹಳೆಯದನ್ನೂ ಅದರ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಮನೆಯ ಓನರ್ ಹಮೀದಾ ಅವರ ಹತ್ತಿರ ಬಿಟ್ಟಿದ್ದ. ಅರವತ್ತು ದಾಟಿದ ಹೆಂಗಸು, ಮೊಮ್ಮಗಳು ರಿಮ್ಶಾ ಜೊತೆ ಕೆಳಗಿನ ಮನೆಯಲ್ಲಿದ್ದಾರೆ. ಬಾಗಿಲು ತೆರೆದು ನಮ್ಮನ್ನು ಕೂರಿಸಿ, ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

‘ನಾಲ್ಕು ವರ್ಷ ಸಾಬ್, ಕ್ಯಾ ಬೋಲೂ. ಸಂಜೆ ಅಸರ್ ನಮಾಜ್ ಮುಗೀತು ಅಂದ್ರೆ ಶುರು. ಅಲ್ಮೆರಾ ಬಾಗ್ಲು ತಾನೇ ತೆಕ್ಕೊಳ್ತಿತ್ತು. ಸ್ಟೀಲ್ ಲೋಟ ನೋಡಿ, ಆ ಕಡೆಯಿಂದ ಈ ಕಡೆ ನಡ್ಕೊಂಡು ಬರ್ತಿತ್ತು.’

ಅದು ಆರಂಭವಷ್ಟೇ. ಸೀರಿಯಲ್ಲಿನ ಒಂದು ಮಾತೂ ಕೇಳಿಸುತ್ತಿರಲಿಲ್ಲ, ಮಲಗಿದರೆ ಮಂಚದ ಕಾಲಿನಿಂದ ಬೆನ್ನಿಗೆ ಬರುತ್ತಿತ್ತು, ನೆಂಟರು ಬಂದರೆ ಇದೇನು ಮೆಟ್ರೋ ಕೆಲಸವಾ ಎಂದು ಕೇಳುತ್ತಿದ್ದರು. ಅವರು ದಿನಾ ಮೆಟ್ಟಿಲ ಕೆಳಗೆ ನಿಂತು ಬೈಯುತ್ತಿದ್ದರು, ರಯಾನ್ ದಿನಾ ಮೇಲಿನಿಂದ ಸಾರಿ ಹಮೀದಾಂಟಿ ಎಂದು ಕೂಗಿ ಮುಂದುವರಿಸುತ್ತಿದ್ದ. ಕೊನೆಗೆ ರಿಮ್ಶಾಳ ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದು ಪೆಟ್ಟಿಗೆಯಲ್ಲಿ ಸದ್ದು ಏರಿಸುವ ತಿರುಗಣೆಯ ಮೇಲೆ ತಾವೇ ಒಂದು ಗುರುತು ಹಾಕಿ, ಇದನ್ನು ದಾಟಿದರೆ ಮನೆ ಖಾಲಿ ಮಾಡು ಎಂದಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಸೊನ್ನೆ ಬರೆದು ತಲೆಯೆತ್ತಿದೆ. ಮುರಳಿಯ ಕಣ್ಣು ಹೊಳೆಯುತ್ತಿತ್ತು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು: ನಾನು ಮೂರು ವಾರದಿಂದ ಅಂಕಗಳನ್ನು ತಲೆಕೆಳಗಾಗಿ ಕೊಡುತ್ತಿದ್ದೆ. ಬೇಕಾದದ್ದು ಕೇಳಿಸುವ ಗಿಟಾರು, ನಾನು ಹುಡುಕುತ್ತಿದ್ದದ್ದು ಕೇಳಿಸದ್ದನ್ನು.

ಮೇಲಿನ ಕೋಣೆ ಖಾಲಿ ಇತ್ತು. ಮುರಳಿ ಗಿಟಾರ್ ತೆಗೆದುಕೊಂಡು ಹತ್ತಿ ಹೋದ. ಅದರ ಮೈಯಲ್ಲಿ ಮೊಣಕೈ ಊರುವ ಕಡೆ ಬಣ್ಣ ಪೂರ್ತಿ ಹೋಗಿ ಮರ ಕಾಣುತ್ತಿತ್ತು. ತಿರುಗಣೆಯನ್ನು ಕೆಂಪು ಗುರುತಿಗೆ ಸರಿಯಾಗಿ ಇಡಿ ಎಂದು ಹಮೀದಾ ಹೇಳಿ ಕಳಿಸಿದರು. ನಾವು ಕೆಳಗೆ ಚಹಾ ಹಿಡಿದು ಕೂತೆವು. ಅವರು ಲೋಟದ ಮೇಲೆ ಕಣ್ಣಿಟ್ಟಿದ್ದರು, ನಾನೂ ಇಟ್ಟೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಗಲ್ಲಿಯಲ್ಲಿ ಆಟೋ ಹೋದ ಸದ್ದು ಬಿಟ್ಟರೆ ಬೇರೇನಿಲ್ಲ.

‘ಇನ್ನೂ ಶುರು ಮಾಡ್ಲಿಲ್ವಾ?’ ಎಂದು ಹಮೀದಾ ಮೆಟ್ಟಿಲ ಹತ್ತಿರ ಹೋಗಿ ಕೇಳಿದರು.

ಮುರಳಿ ಮೂರು ಹಾಡು ಮುಗಿಸಿದ್ದ.

ಹಮೀದಾ ಮಂಡಿ ಹಿಡಿದುಕೊಂಡು ಮೇಲೆ ಹತ್ತಿದರು, ನಾನು ಹಿಂದೆ ಹತ್ತಿದೆ. ತಿರುಗಣೆ ಕೆಂಪು ಗುರುತಿನಲ್ಲೇ ಇತ್ತು, ತಂತಿಯೂ ಸರಿ, ವೈರೂ ಸರಿ. ಮತ್ತೊಮ್ಮೆ ನುಡಿಸಿ ಎಂದರು. ಮುರಳಿ ನುಡಿಸಿದ. ನಾನು ಅವನ ಬಲಗೈಯನ್ನು ಮೊದಲ ಸಲ ನೋಡಿದೆ. ನಿದ್ದೆ ಮಾಡುತ್ತಿರುವ ಮಗುವಿನ ಕೆನ್ನೆ ಮುಟ್ಟುವ ಹಾಗೆ ಬೆರಳು ತಂತಿಯನ್ನು ಮುಟ್ಟಿ ಸರಿಯುತ್ತಿತ್ತು. ಲೆಕ್ಕ ತಪ್ಪುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ, ಸದ್ದು ಮಾತ್ರ ಇರಲಿಲ್ಲ.

‘ಗಿಟಾರ್ ಚೆನ್ನಾಗೇ ಇದೆ ಸಾಬ್,’ ಎಂದರು ಹಮೀದಾ ನನ್ನ ಕಡೆ ತಿರುಗಿ. ‘ಇವ್ರ ಕೈ ಬಾಡಿಗೆ ಮನೇಲಿದೆ.’

ರಯಾನನೂ ಬಾಡಿಗೆಯವನೇ ಅಲ್ಲವೇ ಎಂದು ನಾನು ವಾದಕ್ಕೆ ಹೊರಟೆ. ಹೌದು, ಆದರೆ ಅವನ ಕೈ ಬಾಡಿಗೆಗಿರಲಿಲ್ಲ ಎಂದರು. ಮುರಳಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡದೆ ಹೇಳಿದ.

‘ಓನರ್, ನಿಮ್ಮನೇಲಿ ನಾನು ಒಂದ್ಸಲಾನೂ ವೈರ್ ಹಾಕಿಲ್ಲ. ತಂತಿ ಕೆಳಗೆ ಟವೆಲ್ ಮಡಚಿಟ್ಟು ನುಡಿಸ್ತೀನಿ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ವರದಿ ಕೊಡುವವನ ಹಾಗೆ ಹೇಳಿದ. ಮನೆಗೆ ಬಂದ ಮೊದಲ ದಿನ ನಾನು ಗಿಟಾರಿನ ಚೀಲ ನೋಡಿ, ಇದರಿಂದ ಸದ್ದು ಬರುತ್ತದಾ ಎಂದು ಕೇಳಿದ್ದೆನಂತೆ. ಇಲ್ಲ ಎಂದು ಅವನು ಹೇಳಿದ್ದನಂತೆ. ನನಗೆ ನೆನಪೇ ಇಲ್ಲ. ನಾನು ಒಂದು ಸಲ ಕೇಳಿ ಮರೆತ ಪ್ರಶ್ನೆಗೆ ಅವನು ಹದಿನಾರು ವರ್ಷ ದಿನಾ ಉತ್ತರ ಕೊಡುತ್ತಾ ಬಂದಿದ್ದ. ಜಾಫರ್ ಭಾಯ್‌ಗೆ ಕೇಳಿಸದೆ ಹೋದದ್ದು ಆ ಉತ್ತರವೇ. ನನಗೆ ನಾಚಿಕೆಯಾಯಿತು, ಆದರೆ ಹೆಂಗಸಿನೆದುರು ತೋರಿಸಿಕೊಳ್ಳಬಾರದೆಂದು ಗಂಟಲು ಸರಿಮಾಡಿಕೊಂಡು, ಇದನ್ನೇ ಪೆಟ್ಟಿಗೆ ಸಮೇತ ತೆಗೆದುಕೋ ಮುರಳಿ, ನಮ್ಮ ಮನೆಯಲ್ಲಿ ದಿನಾ ಏಳರಿಂದ ಎಂಟರ ತನಕ ವೈರ್ ಹಾಕಿ ನುಡಿಸು, ಇದು ನನ್ನ ಆರ್ಡರ್ ಎಂದೆ. ಓನರಾದವನು ಪ್ರಾಯಶ್ಚಿತ್ತವನ್ನೂ ಆರ್ಡರಿನಲ್ಲೇ ಮಾಡುತ್ತಾನೆ. ಮುರಳಿ ಹೂಂ ಎಂದ.

ಸೋಮವಾರ ಏಳು ಗಂಟೆಗೆ ನಾನು ಟಿವಿ ಆರಿಸಿ ಕೂತೆ. ಯಶೋದಮ್ಮನಿಗೆ ಒಗ್ಗರಣೆ ಹಾಕಬೇಡ ಎಂದೆ. ಮೇಲಿನಿಂದ ಏನೂ ಕೇಳಿಸಲಿಲ್ಲ. ಮಂಗಳವಾರ ದೂರದಲ್ಲಿ ಯಾರೋ ಕೆಮ್ಮಿದ ಹಾಗೆ ಆಯಿತು. ಬುಧವಾರ ಅದು ಇನ್ನಷ್ಟು ಹತ್ತಿರ ಬಂತು. ಎಂಟು ಗಂಟೆ ಹೊಡೆಯುವುದರೊಳಗೆ ಅವನು ಎರಡು ಸಲ ನಿಲ್ಲಿಸಿ, ನಾವೇನಾದರೂ ಅನ್ನುತ್ತೇವೋ ಎಂದು ಕಾದು, ಮತ್ತೆ ಶುರು ಮಾಡಿದ್ದು ನನಗೆ ತಿಳಿಯಿತು. ಹೀಗೇ ಒಂದು ವಾರ ಕಳೆಯಿತು. ನಾನು ಸಂಜೆಯಾಗುವುದನ್ನೇ ಕಾಯತೊಡಗಿದೆ. ಇಷ್ಟು ವರ್ಷ ಸದ್ದಾದೀತೆಂದು ಕಿವಿ ನಿಮಿರಿಸಿ ಕೂತಿದ್ದವನು ಈಗ ಸದ್ದಾಗಲಿ ಎಂದು ಕೂತಿದ್ದೆ.

ಎರಡನೆಯ ಗುರುವಾರ ಅದು ಬಂತು. ಒಂದೇ ಏಟು. ಆಮೇಲೆ ಇನ್ನೊಂದು. ಸೀಲಿಂಗಿನಿಂದಿಳಿದು ಕುರ್ಚಿಯ ಕೈಗೆ ಬಂದು ನನ್ನ ಮುಂಗೈಯಲ್ಲಿ ನಿಂತಿತು. ಯಶೋದಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ಏಟಿನ ಹಿಂದೆ ಏಟು, ನಾಲ್ಕು, ಎಂಟು, ಒಂದು ನಡಿಗೆಯ ಹಾಗೆ. ಅದರ ಮೇಲೆ ಹಾಡು ಯಾವುದೆಂದು ಗೊತ್ತಿಲ್ಲ, ಆದರೆ ಯಾವ ಹಾಡನ್ನಾದರೂ ಅದರ ಮೇಲೆ ನಿಲ್ಲಿಸಬಹುದಿತ್ತು. ನನಗಾದ ಖುಷಿಯನ್ನು ಹೇಗೆ ಹೇಳಲಿ! ಇದು ನಾನು ಆರಿಸಿದ ಗಿಟಾರು, ನನ್ನ ಮನೆಯ ಮೇಲೆ ನುಡಿಯುತ್ತಿದೆ. ಇನ್ನೂ ಜೋರಾಗಿ ಬರಲಿ ಎನ್ನಿಸಿತು. ಮೂಲೆಯಲ್ಲಿ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿತ್ತು. ಎದ್ದು ಅದನ್ನು ತೆಗೆದುಕೊಂಡು, ಭಲೇ, ಹಾಗೇ ನುಡಿಸು ಎನ್ನುವ ಉತ್ಸಾಹದಲ್ಲಿ ಸೀಲಿಂಗಿಗೆ ಮೂರು ಸಲ ತಟ್ಟಿದೆ.

ಗಿಟಾರು ಅರ್ಧ ಏಟಿನಲ್ಲಿ ನಿಂತುಹೋಯಿತು.

ನಾನು ಕೋಲು ಎತ್ತಿಕೊಂಡೇ ಕಾದೆ. ಮೇಲೆ ಪ್ಲಗ್ ಕಿತ್ತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮುರಳಿ ಇಳಿದು ಬಂದು, ಚಪ್ಪಲಿ ಬಾಗಿಲಾಚೆ ಬಿಟ್ಟು, ಹೊಸ್ತಿಲ ಹೊರಗೆ ನಿಂತು, ಸಾರಿ ಓನರ್, ಮೈ ಮರೆತುಬಿಟ್ಟೆ ಎಂದ. ನಾನು ಜೋರಾಗಿ ನುಡಿಸು ಎನ್ನುವುದಕ್ಕೆ ತಟ್ಟಿದ್ದು ಎಂದು ವಿವರಿಸಿದೆ. ಆಣೆ ಮಾಡಿದೆ. ಅವನು ನನ್ನ ಕೈಯಲ್ಲಿದ್ದ ಕೋಲನ್ನು ನೋಡಿ, ಮರ್ಯಾದೆಯಿಂದ ಹೂಂ ಎಂದ. ಒಂದಿಷ್ಟೂ ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಮಾರನೆಯ ದಿನ ಏಳರಿಂದ ಎಂಟರ ತನಕ ಮನೆ ತಣ್ಣಗಿತ್ತು.

ಯಶೋದಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಲನ್ನು ನನ್ನ ಕೈಯಿಂದ ತೆಗೆದಿಟ್ಟು ಒಂದೇ ಮಾತು ಹೇಳಿದಳು.

‘ಹನ್ನೊಂದು ಮೆಟ್ಲಿದೆ ರೀ. ಹತ್ತಿ ಹೋಗಿ ಹೇಳ್ಬಹುದಿತ್ತು.’

ನಿಜ. ಹದಿನಾರು ವರ್ಷದಲ್ಲಿ ಬಾಡಿಗೆಯವರು ಆ ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದಿದ್ದರೇ ಹೊರತು ನಾನು ಒಂದು ಸಲವೂ ಹತ್ತಿರಲಿಲ್ಲ. ಓನರ್ ಹತ್ತುವುದಿಲ್ಲ, ಕರೆಸುತ್ತಾನೆ.

ಶನಿವಾರ ಮುರಳಿ ಬಂದು ಮನೆ ಖಾಲಿ ಮಾಡುತ್ತೇನೆ ಎಂದ. ಹಮೀದಾ ಅವರ ಮೇಲಿನ ಕೋಣೆಗೆ ಕೇಳಿದ್ದಾನೆ. ರಾಜ್ಯೋತ್ಸವಕ್ಕೆ ಎರಡೇ ವಾರ ಉಳಿದಿದೆ, ಅಲ್ಲಿದ್ದರೆ ಕೈಯ ಬಿಗಿ ಬಿಟ್ಟೀತು ಎಂದು ಆಸೆ. ನಾನು ದಿನವಿಡೀ ನುಡಿಸು, ಇಲ್ಲೇ ಇರು ಎಂದೆ. ಅವನು ಬೇಡ ಎಂದು ತಲೆಯಾಡಿಸಿದ. ಹಮೀದಾ ಅವರು ಬೈತಾರೆ ಓನರ್, ಬೈದಾಗ ಎಷ್ಟು ಕೇಳಿಸಿದೆ ಅಂತ ಗೊತ್ತಾಗುತ್ತೆ ಎಂದ. ಹದಿನಾರು ವರ್ಷದಲ್ಲಿ ಅವನು ನನಗೆ ಎದುರಾಡಿದ್ದು ಅದೊಂದೇ ಸಲ.

ನವೆಂಬರ್ ಒಂದಕ್ಕೆ ಅವನ ಜಾಗ ಉಳಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಕೀಬೋರ್ಡಿನ ಎಡಗೈ ಈಗಲೂ ಬಿಡುವಾಗಿದೆ ಎಂದು ಬೃಂದಾ ಫೋನಿನಲ್ಲಿ ಯಶೋದಮ್ಮನಿಗೆ ಹೇಳಿ ನಕ್ಕಳಂತೆ. ನನಗೆ ಹೇಳಬೇಕೆನ್ನಿಸುವುದು ಅದಕ್ಕೆ ಮೊದಲಿನ ಒಂದು ಸಂಜೆ, ಅವರು ಮನೆ ಬಿಡುವ ಹಿಂದಿನ ದಿನ.

ಹೊಸ ಬಾಡಿಗೆಯವರನ್ನು ಇಟ್ಟುಕೊಳ್ಳುವ ಮೊದಲು ಹಳೆಯ ಓನರ್‌ಗೆ ಫೋನ್ ಮಾಡಿ ವಿಚಾರಿಸುವುದು ನಮ್ಮಲ್ಲಿ ಪದ್ಧತಿ. ಹಮೀದಾ ಮಾಡಿದರು. ಆವತ್ತು ಮಾತಾಡಿದ್ದೆಲ್ಲ ಗಿಟಾರಿನದು ಸಾಬ್, ಈಗ ಮನುಷ್ಯನದು ಹೇಳಿ, ನಿಮ್ಮ ಅನುಭವ ಹೇಗೆ ಎಂದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀರು ಜಾಸ್ತಿ ಖರ್ಚು ಎಂದಿದ್ದರೂ ಸಾಕು, ಅವರು ಹಿಂಜರಿಯುತ್ತಿದ್ದರು, ಮುರಳಿ ಇಲ್ಲೇ ಉಳಿಯುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಅವನನ್ನು ಬಿಟ್ಟುಕೊಡಲು ಸಿದ್ಧನಿರಲಿಲ್ಲ.

‘ತುಂಬ ಒಳ್ಳೆಯವನಮ್ಮ,’ ಎಂದೆ. ‘ನನಗೆ ಹೆದರ್ಕೊಂಡೇ ಹದಿನಾರು ವರ್ಷ ಇದ್ದ. ನೀವು ಹೆದರಿಸ್ಬೇಡಿ. ಏನಾದ್ರೂ ಹೇಳೋದಿದ್ರೆ ಮೇಲೆ ಹತ್ತಿ ಹೋಗಿ ಹೇಳಿ.’

ಅವರ ಮಂಡಿ ನೋವಿನ ವಿಷಯ ಸ್ವಲ್ಪ ಮಾತಾಡಿ ಫೋನಿಟ್ಟರು. ನಾನು ಕುರ್ಚಿಯಲ್ಲಿ ಕೂತು ಮೇಲಕ್ಕೆ ಕಿವಿಗೊಟ್ಟೆ. ಮುರಳಿ ಮತ್ತು ಬೃಂದಾ ಮಧ್ಯಾಹ್ನದಿಂದ ಸಾಮಾನು ಕಟ್ಟುತ್ತಿದ್ದರು. ಕಪಾಟು ಎಳೆಯುತ್ತಿದ್ದರು, ಪಾತ್ರೆ ತುಂಬುತ್ತಿದ್ದರು, ಮಂಚ ಬಿಚ್ಚುತ್ತಿದ್ದರು. ಅದರ ಸದ್ದೂ ನನಗೆ ಕೇಳಿಸದಂತೆ ಮಾಡುತ್ತಿದ್ದರು.